ಲಿಯೋ ಫೆಂಡರ್

ಲಿಯೋ ಫೆಂಡರ್ (ಪೂರ್ಣ ಹೆಸರು: ಕ್ಲಾರೆನ್ಸ್ ಲಿಯೊನೈಡಾಸ್ ಫೆಂಡರ್, ಆಗಸ್ಟ್ 10, 1909 – ಮಾರ್ಚ್ 21, 1991) ಅಮೆರಿಕದ ವಾದ್ಯ ತಯಾರಕರು ಮತ್ತು ಸಂಶೋಧಕರು. ವಿದ್ಯುತ್ ಬೇಸ್ ಗಿಟಾರನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಜನಬಳಕೆಗೆ ತಂದ ಕೀರ್ತಿ ಇವರದು. ಟೆಲಿಕ್ಯಾಸ್ಟರ್ ಮತ್ತು ಸ್ಟ್ರಾಟೊಕ್ಯಾಸ್ಟರ್ ಎಂಬ ಪ್ರಸಿದ್ಧ ಗಿಟಾರುಗಳನ್ನೂ ಇವರು ರೂಪಿಸಿದರು. ಇಷ್ಟೆಲ್ಲ ಸಾಧಿಸಿದ ಫೆಂಡರ್ ಸ್ವತಃ ಗಿಟಾರ್ ನುಡಿಸಲು ಕಲಿಯಲೇ ಇಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫೆಂಡರ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್ ಮತ್ತು ಫುಲ್ಲರ್ಟನ್ ಪಟ್ಟಣಗಳ ನಡುವಿನ ಕಿತ್ತಳೆ ತೋಟವೊಂದರಲ್ಲಿ ಜನಿಸಿದರು. 8ನೆಯ ವಯಸ್ಸಿನಲ್ಲಿ ಗಡ್ಡೆಯ ಕಾರಣದಿಂದ ಎಡಗಣ್ಣನ್ನು ಕಳೆದುಕೊಂಡು, ಗಾಜಿನ ಕಣ್ಣನ್ನು ಧರಿಸಬೇಕಾಯಿತು. ಶಾಲಾ ದಿನಗಳಲ್ಲಿ ಪಿಯಾನೋ ಮತ್ತು ಸ್ಯಾಕ್ಸೊಫೋನ್ ಅಭ್ಯಾಸ ಮಾಡಿದರೂ ಅವರ ಒಲವು ರೇಡಿಯೋಗಳತ್ತಲೇ ಇತ್ತು. 1928ರಲ್ಲಿ ಶಾಲಾ ಶಿಕ್ಷಣ ಮುಗಿಸಿ, ಫುಲ್ಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರವನ್ನು ಓದಿದರು. ವಿದ್ಯುನ್ಮಾನ ಶಾಸ್ತ್ರವನ್ನು ಅವರು ಯಾವ ಗುರುವಿನಿಂದಲೂ ಕಲಿಯಲಿಲ್ಲ. ಆ ವಿದ್ಯೆ ಸ್ವಂತ ಪ್ರಯೋಗಗಳಿಂದ ಬಂದುದು.

ಲೆಕ್ಕಿಗರಾಗಿ ದುಡಿಯುತ್ತಿದ್ದ ಅವರು 1934ರಲ್ಲಿ ಎಸ್ತರ್ ಅವರನ್ನು ವಿವಾಹವಾದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ನೌಕರಿ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಪಡೆದು ಫುಲ್ಲರ್ಟನ್‌ನಲ್ಲಿ ರೇಡಿಯೋ ದುರಸ್ತಿ ಅಂಗಡಿಯನ್ನು ತೆರೆದರು. ಧ್ವನಿವರ್ಧಕಗಳನ್ನು ಸರಿಪಡಿಸಿಕೊಳ್ಳಲು ಬರುತ್ತಿದ್ದ ಸಂಗೀತಗಾರರ ತೊಂದರೆಗಳನ್ನು ಗಮನವಿಟ್ಟು ಕೇಳುವ ಅಭ್ಯಾಸ ಅವರಿಗೆ ಇಲ್ಲಿಯೇ ಬೆಳೆಯಿತು.

ವಾದ್ಯ ತಯಾರಿಕೆಯ ಆರಂಭ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಡಾಕ್ ಕಾಫ್‌ಮನ್ ಅವರೊಡನೆ ಸೇರಿ ತೊಡೆಯ ಮೇಲಿಟ್ಟು ನುಡಿಸುವ ವಿದ್ಯುತ್ ಗಿಟಾರುಗಳನ್ನು ತಯಾರಿಸತೊಡಗಿದರು. ಈ ಪಾಲುದಾರಿಕೆ ಹೆಚ್ಚು ಕಾಲ ನಡೆಯಲಿಲ್ಲ. 1946ರಲ್ಲಿ ಫೆಂಡರ್ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು. 1950ರಲ್ಲಿ ಹೊರಬಂದ ಅವರ ಗಿಟಾರ್ 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರನ್ನು ಪಡೆಯಿತು. ಟೊಳ್ಳು ಪೆಟ್ಟಿಗೆಯ ಬದಲು ಗಟ್ಟಿ ಮರದ ಒಡಲು, ಅದಕ್ಕೆ ಸ್ಕ್ರೂಗಳಿಂದ ಜೋಡಿಸಿದ ಕುತ್ತಿಗೆ – ಇವು ಅದರ ವೈಶಿಷ್ಟ್ಯಗಳು. ಕೆಟ್ಟ ಭಾಗವನ್ನು ಸುಲಭವಾಗಿ ಬದಲಿಸಬಹುದಾದ ಈ ರಚನೆಯಲ್ಲಿ ದುರಸ್ತಿಗಾರನ ಅನುಭವ ಎದ್ದು ಕಾಣುತ್ತದೆ.

ಪ್ರಿಸಿಷನ್ ಬೇಸ್

ಅಲ್ಲಿಯವರೆಗೆ ವಾದ್ಯವೃಂದಗಳಲ್ಲಿ ಮಂದ್ರ ಸ್ವರಗಳನ್ನು ನೀಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ಡ್ರಮ್ ಮತ್ತು ಹಿತ್ತಾಳೆಯ ವಾದ್ಯಗಳ ನಡುವೆ ಅದರ ನಾದ ಅಡಗಿಹೋಗುತ್ತಿತ್ತು. ಮೆಟ್ಟಿಲುಗಳಿಲ್ಲದ ಕಾರಣ ಸ್ವರಸ್ಥಾನವನ್ನು ಕಿವಿಯಿಂದಲೇ ನಿರ್ಣಯಿಸಬೇಕಾಗಿತ್ತು. 1930ರ ದಶಕದಲ್ಲಿಯೇ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬುವರು ಮೆಟ್ಟಿಲುಗಳುಳ್ಳ, ಅಡ್ಡವಾಗಿ ಹಿಡಿದು ನುಡಿಸುವ ವಿದ್ಯುತ್ ಬೇಸನ್ನು ತಯಾರಿಸಿದ್ದರು. ಆದರೆ ಅದು ಪ್ರಚಾರಕ್ಕೆ ಬರಲಿಲ್ಲ.

1951ರಲ್ಲಿ ಫೆಂಡರ್ ತಮ್ಮ ಬೇಸ್ ಗಿಟಾರನ್ನು ಹೊರತಂದರು. ಇದರ ಕುತ್ತಿಗೆಯ ಮೇಲೆ 20 ಲೋಹದ ಮೆಟ್ಟಿಲುಗಳಿದ್ದವು. ಸರಿಯಾದ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿದರೆ ಸ್ವರ ನಿಖರವಾಗಿ ಬರುತ್ತಿದ್ದುದರಿಂದ, ನಿಖರತೆ ಎಂಬ ಅರ್ಥದ ಪ್ರಿಸಿಷನ್ ಎಂಬ ಹೆಸರನ್ನು ಇಡಲಾಯಿತು. ತಂತಿಯ ಕಂಪಿಸುವ ಭಾಗದ ಉದ್ದವನ್ನು 34 ಅಂಗುಲವೆಂದು ನಿಗದಿಪಡಿಸಿದರು. ಇದು ಡಬಲ್ ಬೇಸ್‌ಗಿಂತ ಬಹಳ ಚಿಕ್ಕದು, ಸಾಮಾನ್ಯ ಗಿಟಾರಿಗಿಂತ ಉದ್ದ. ತಂತಿಗಳ ಕೆಳಗಿನ ಪಿಕಪ್, ಅಂದರೆ ಆಯಸ್ಕಾಂತ ಮತ್ತು ತಾಮ್ರದ ಸುರುಳಿಯ ಜೋಡಣೆ, ಲೋಹದ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುತ್ತದೆ. ಈ ವಾದ್ಯಕ್ಕೆ ಹೊಂದುವ ಬೇಸ್‌ಮನ್ ಧ್ವನಿವರ್ಧಕ 1952ರಲ್ಲಿ ಬಂದಿತು.

ತಂತಿಗಳ ಶ್ರುತಿ

ಒಡಲನ್ನು ಹೊಸದಾಗಿ ರೂಪಿಸಿದ ಫೆಂಡರ್ ಶ್ರುತಿಯ ವಿಷಯದಲ್ಲಿ ಹಳೆಯ ಕ್ರಮವನ್ನೇ ಉಳಿಸಿಕೊಂಡರು. ನಾಲ್ಕು ತಂತಿಗಳನ್ನು ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡಲಾಗುತ್ತದೆ. ಇವುಗಳ ಕಂಪನಾಂಕ ಕ್ರಮವಾಗಿ ಸುಮಾರು 41.2, 55, 73.4 ಮತ್ತು 98 ಹರ್ಟ್ಜ್. ಪ್ರತಿ ತಂತಿಗೂ ಮುಂದಿನ ತಂತಿಗೂ ಇರುವ ಅಂತರ, ನಮ್ಮ ಸಂಗೀತದ ಷಡ್ಜದಿಂದ ಶುದ್ಧ ಮಧ್ಯಮದವರೆಗಿನ ಅಂತರಕ್ಕೆ ಸಮ. ಆದುದರಿಂದ ಒಂದು ತಂತಿಯ 5ನೆಯ ಮೆಟ್ಟಿಲಿನ ಸ್ವರ ಮುಂದಿನ ತಂತಿಯ ಬಿಡಿ ಸ್ವರದೊಡನೆ ಕೂಡಬೇಕು. ಶ್ರುತಿಯನ್ನು ಹೀಗೆ ಪರೀಕ್ಷಿಸಬಹುದು.

ಡಬಲ್ ಬೇಸ್‌ನ ಶ್ರುತಿಯೂ ಇದೇ. ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳೂ ಇದೇ ಸ್ವರಗಳನ್ನು ಒಂದು ಸ್ಥಾಯಿ ಮೇಲೆ ನುಡಿಯುತ್ತವೆ. ಈ ಕಾರಣದಿಂದ ಎರಡೂ ವಾದ್ಯಗಳ ಕಲಾವಿದರು ಹೊಸ ವಾದ್ಯವನ್ನು ಬೇಗನೆ ಕೈವಶ ಮಾಡಿಕೊಂಡರು. ಅದರ ಯಶಸ್ಸಿಗೆ ಇದೊಂದು ಮುಖ್ಯ ಕಾರಣ.

ಮುಂದೆ ಫೆಂಡರ್ ಸಂಸ್ಥೆ ಬೇರೆ ಶ್ರುತಿಗಳ ವಾದ್ಯಗಳನ್ನೂ ತಯಾರಿಸಿತು. 1961ರ ಬೇಸ್ ಸಿಕ್ಸ್ ಆರು ತಂತಿಗಳದು. ಅದರ ಶ್ರುತಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗಿನ ಇ, ಎ, ಡಿ, ಜಿ, ಬಿ, ಇ. 1965ರ ಬೇಸ್ ಫೈವ್‌ನಲ್ಲಿ ಜಿ ತಂತಿಯ ಮೇಲೆ ಸಿ ತಂತಿಯನ್ನು ಸೇರಿಸಲಾಗಿತ್ತು. ಇದಕ್ಕೆ ಬೇಡಿಕೆ ಬರಲಿಲ್ಲ. ಇಂದಿನ ಐದು ತಂತಿಯ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಇ ತಂತಿಯ ಕೆಳಗೆ ಸುಮಾರು 31 ಹರ್ಟ್ಜ್‌ನ ಬಿ ತಂತಿ ಇರುತ್ತದೆ.

ಸುಧಾರಣೆ ಮತ್ತು ಪ್ರಸಾರ

1950ರ ದಶಕದ ಆರಂಭದಲ್ಲಿ ಲಯೊನೆಲ್ ಹ್ಯಾಂಪ್ಟನ್ ಅವರ ಜಾಝ್ ವೃಂದದಲ್ಲಿ ಮಾಂಕ್ ಮಾಂಟ್‌ಗೊಮರಿ ಈ ವಾದ್ಯವನ್ನು ನುಡಿಸಿ ಜನರ ಗಮನ ಸೆಳೆದರು. 1957ರಲ್ಲಿ ಪ್ರಿಸಿಷನ್ ಬೇಸ್‌ಗೆ ಎರಡು ತುಂಡುಗಳ ಪಿಕಪ್ ಅಳವಡಿಸಿ, ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ನಿವಾರಿಸಲಾಯಿತು. 1960ರಲ್ಲಿ ತೆಳು ಕುತ್ತಿಗೆಯ, ಎರಡು ಪಿಕಪ್‌ಗಳ ಜಾಝ್ ಬೇಸ್ ಬಂದಿತು. ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ ಪ್ರಿಸಿಷನ್ ಬೇಸನ್ನು ನುಡಿಸಿದರು. ಜಾಕೋ ಪ್ಯಾಸ್ಟೋರಿಯಸ್ ಮೆಟ್ಟಿಲುಗಳನ್ನು ಕಿತ್ತ ಜಾಝ್ ಬೇಸ್‌ನಲ್ಲಿ ಖ್ಯಾತರಾದರು. ಹೀಗೆ ಫೆಂಡರ್ ಒದಗಿಸಿದ ಮೆಟ್ಟಿಲುಗಳಿಲ್ಲದೆಯೂ ಅವರ ವಾದ್ಯಕ್ಕೆ ಹೊಸ ದನಿಯೊಂದು ದೊರೆಯಿತು.

ಸಂಸ್ಥೆಯ ಮಾರಾಟ ಮತ್ತು ನಂತರದ ಜೀವನ

1950ರ ದಶಕದ ಮಧ್ಯದಿಂದ ಸೋಂಕಿನ ಕಾಯಿಲೆಯಿಂದ ಬಳಲುತ್ತಿದ್ದ ಫೆಂಡರ್, ತಮ್ಮ ಆರೋಗ್ಯ ಇನ್ನು ಸುಧಾರಿಸದೆಂದು ಭಾವಿಸಿ 1965ರಲ್ಲಿ ಸಂಸ್ಥೆಯನ್ನು ಸಿಬಿಎಸ್‌ಗೆ 130 ಲಕ್ಷ ಡಾಲರ್‌ಗಳಿಗೆ ಮಾರಿದರು. ಅದರೊಂದಿಗೆ ವಾದ್ಯಗಳ ಮೇಲೆ ಬರೆಯುತ್ತಿದ್ದ ಫೆಂಡರ್ ಎಂಬ ಹೆಸರೂ ಪರರ ಸ್ವತ್ತಾಯಿತು. ಆನಂತರ ಚಿಕಿತ್ಸೆ ಫಲಿಸಿ ಅವರು ಗುಣಮುಖರಾದರು. ಹೋದ ಹೆಸರು ಮಾತ್ರ ಮರಳಲಿಲ್ಲ.

ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. ಮ್ಯೂಸಿಕ್ ಮ್ಯಾನ್ ಸಂಸ್ಥೆಗಾಗಿ ರೂಪಿಸಿದ ಸ್ಟಿಂಗ್‌ರೇ ಬೇಸ್ 1976ರಲ್ಲಿ ಹೊರಬಂದಿತು. ಬ್ಯಾಟರಿಯಿಂದ ನಡೆಯುವ ಪೂರ್ವವರ್ಧಕವನ್ನು ಒಡಲಿನಲ್ಲಿಯೇ ಹೊಂದಿರುವುದು ಇದರ ವಿಶೇಷ. 1979ರಲ್ಲಿ ಪತ್ನಿ ಎಸ್ತರ್ ನಿಧನರಾದರು. ಮರುವರ್ಷ ಫಿಲಿಸ್ ಅವರನ್ನು ವಿವಾಹವಾದರು. ಇದೇ ಕಾಲದಲ್ಲಿ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ ಮೊದಲಾದವರೊಡನೆ ಜಿ ಅಂಡ್ ಎಲ್ ಸಂಸ್ಥೆಯನ್ನು ಕಟ್ಟಿದರು. ಇದರ ಕಾರ್ಖಾನೆ ಇದ್ದ ರಸ್ತೆಗೆ ಫೆಂಡರ್ ಅವೆನ್ಯೂ ಎಂಬ ಹೆಸರಿತ್ತು. ಒಳಗೆ ತಯಾರಾಗುತ್ತಿದ್ದ ವಾದ್ಯಗಳಿಗೆ ಆ ಹೆಸರನ್ನು ಇಡುವಂತಿರಲಿಲ್ಲ.

ನಿಧನ ಮತ್ತು ಗೌರವಗಳು

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಾಧಿಸುತ್ತಿದ್ದರೂ ಅವರು ಕಾರ್ಯಾಗಾರಕ್ಕೆ ಹೋಗುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ಫುಲ್ಲರ್ಟನ್‌ನಲ್ಲಿ ನಿಧನರಾದರು. 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಲಾಯಿತು. 2009ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಬೇರೆ ಬೇರೆ ಸಂಸ್ಥೆಗಳು ಇಂದು ತಯಾರಿಸುವ ನಾಲ್ಕು ತಂತಿಯ ಬೇಸ್ ಗಿಟಾರುಗಳಲ್ಲಿಯೂ 34 ಅಂಗುಲದ ಉದ್ದವೇ ಸಾಮಾನ್ಯ ಅಳತೆಯಾಗಿದೆ.