ಹಸುಳೆಗಳಿಗಾಗಿ ಕಡಲು ದಾಟಿದ ಡಾಕ್ಟರ್ ಸಿಸ್ಟರ್ ಮೇರಿ ಗ್ಲೌರಿ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲೂ ಬಂಗಾರಪೇಟೆಯಲ್ಲೂ ಸೇಂಟ್ ಜಾನ್ಸ್ ಆಸ್ಪತ್ರೆಯ ಹೆಸರು ಕೇಳದ ಕಥೋಲಿಕ ಮನೆ ವಿರಳ. ಮಗುವಿನ ಕಾಯಿಲೆ ಇಲ್ಲಿನ ಡಾಕ್ಟರರ ಕೈಮೀರಿದರೆ, ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರಿಗೆ ಹೊರಡುವುದು ನಮಗೆ ರೂಢಿಯಾಗಿದೆ. ಆದರೆ ಆ ಆಸ್ಪತ್ರೆಯ ಕನಸನ್ನು ಮೊದಲು ಕಂಡವರಲ್ಲಿ ಒಬ್ಬರು ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಆಂಧ್ರದ ಗುಂಟೂರಿನಲ್ಲಿ ದುಡಿದು, ನಮ್ಮ ಬೆಂಗಳೂರಿನಲ್ಲೇ ಕಣ್ಮುಚ್ಚಿದ ಒಬ್ಬ ಕನ್ಯಾಸ್ತ್ರೀ ಎಂಬುದು ಎಷ್ಟು ಜನರಿಗೆ ಗೊತ್ತು? ಅವರೇ ಪವಿತ್ರ ಹೃದಯದ ಸಿಸ್ಟರ್ ಮೇರಿ, ಅಂದರೆ ಡಾಕ್ಟರ್ ಮೇರಿ ಗ್ಲೌರಿ.

ಮೇರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರೆಗುರ್ರ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳ ಆ ಐರಿಷ್ ಮೂಲದ ಕುಟುಂಬದಲ್ಲಿ ಆಕೆ ಮೂರನೆಯವರು. ಮುಂದೆ ಕುಟುಂಬ ವಾಚೆಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿತು. ಸಂಜೆಯ ಪ್ರಾರ್ಥನೆಯಲ್ಲಿ ಒಳ್ಳೆಯ ಗುರುಗಳಿಗಾಗಿಯೂ ಒಳ್ಳೆಯ ವೈದ್ಯರಿಗಾಗಿಯೂ ಬೇಡಿಕೊಳ್ಳುವುದನ್ನು ತಾಯಿ ಮಕ್ಕಳಿಗೆ ಕಲಿಸಿದ್ದರು. ತಾಯಿಯ ಆ ಪ್ರಾರ್ಥನೆಗೆ ದೇವರು ಆ ಮನೆಯೊಳಗಿಂದಲೇ ಉತ್ತರ ಕೊಟ್ಟರು.

ಹುಡುಗಿ ಓದಿನಲ್ಲಿ ಚುರುಕು. ವಿದ್ಯಾರ್ಥಿವೇತನ ಪಡೆದು ಮೆಲ್ಬರ್ನ್ ನಗರಕ್ಕೆ ಬಂದರು. ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಭಾಗಕ್ಕೆ ಸೇರಿದರೂ ಬಳಿಕ ವೈದ್ಯಕೀಯಕ್ಕೆ ಬದಲಾಯಿಸಿಕೊಂಡು 1910ರಲ್ಲಿ ಪದವೀಧರೆಯಾದರು. ಹೆಣ್ಣುಮಕ್ಕಳು ಡಾಕ್ಟರಾಗುವುದೇ ಅಪರೂಪವಾಗಿದ್ದ ಕಾಲವದು. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಮೆಲ್ಬರ್ನ್‌ಗೆ ಮರಳಿದರು. ಅಲ್ಲಿನ ಕಣ್ಣು ಕಿವಿ ಆಸ್ಪತ್ರೆಯಲ್ಲಿಯೂ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ ಕೆಲಸ ಮಾಡಿದರು. ನಗರದ ಹೆಸರಾಂತ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಕ್ಲಿನಿಕ್ ತೆರೆದರು. ಮುಂದಿನ ದಾರಿ ಸುಗಮವಾಗಿತ್ತು. ಹಣ, ಹೆಸರು, ಗೌರವ ಎಲ್ಲವೂ ಕೈಗೆಟಕುವಂತಿತ್ತು.

ಅಷ್ಟರಲ್ಲಿ ದೇವರ ಕರೆ ಬಂದಿತು. 1915ರ ಅಕ್ಟೋಬರ್ 24, ಭಾನುವಾರ. ಬಲಿಪೂಜೆಯ ನಂತರ ಮೇರಿ ಒಂದು ಕಿರುಹೊತ್ತಗೆಯನ್ನು ಓದತೊಡಗಿದರು. ಅದು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರ ಜೀವನ ಕುರಿತದ್ದು. ಅಂದಿನ ಭಾರತದಲ್ಲಿ ಅಪಾರ ಸಂಖ್ಯೆಯ ಹಸುಳೆಗಳು ಹುಟ್ಟಿದೊಡನೆ ಸಾಯುತ್ತಿದ್ದವು. ಪರದೆಯ ಪದ್ಧತಿಯಿಂದಾಗಿ ಅನೇಕ ತಾಯಂದಿರು ಗಂಡು ವೈದ್ಯರ ಮುಂದೆ ಬರುವಂತಿರಲಿಲ್ಲ; ಹೆಣ್ಣು ವೈದ್ಯರೋ ಸಿಗುತ್ತಿರಲಿಲ್ಲ. ಇದನ್ನು ಓದಿದ ಮೇರಿ ಮೊಣಕಾಲೂರಿದರು. ತನ್ನ ಬದುಕು ಇನ್ನು ಭಾರತದ ತಾಯಿ ಮಕ್ಕಳಿಗೆ ಸೇರಿದ್ದು ಎಂದು ಅವರಿಗೆ ಅಂದೇ ಸ್ಪಷ್ಟವಾಯಿತು.

ಆದರೆ ಒಂದು ಅಡ್ಡಿ ಇತ್ತು. ಧರ್ಮಸಭೆಯ ಅಂದಿನ ಕಟ್ಟಳೆಗಳ ಪ್ರಕಾರ ಕನ್ಯಾಸ್ತ್ರೀಯರು ವೈದ್ಯ ವೃತ್ತಿ ನಡೆಸುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಅವಕಾಶವಿರಲಿಲ್ಲ. ಆಗ್ನೆಸ್ ಮೆಕ್ಲಾರೆನ್ ಈ ಬಗ್ಗೆ ರೋಮಿಗೆ ಹಲವು ಬಾರಿ ಮನವಿ ಮಾಡಿಕೊಂಡು, ಫಲ ಕಾಣದೆಯೇ 1913ರಲ್ಲಿ ತೀರಿಕೊಂಡಿದ್ದರು. ಮೇರಿ ಅವಸರಪಡಲಿಲ್ಲ. ಮಹಾಯುದ್ಧ ಮುಗಿಯುವವರೆಗೆ ಕಾದರು. ಕಾಯುವ ದಿನಗಳನ್ನು ವ್ಯರ್ಥ ಮಾಡಲೂ ಇಲ್ಲ. 1916ರಲ್ಲಿ ಕಥೋಲಿಕ ಮಹಿಳೆಯರ ಸಮಾಜಸೇವಾ ಸಂಘದ ಮೊದಲ ಅಧ್ಯಕ್ಷೆಯಾದರು. 1919ರಲ್ಲಿ ಸ್ತ್ರೀರೋಗ, ಹೆರಿಗೆ ಮತ್ತು ನೇತ್ರ ಚಿಕಿತ್ಸೆಯಲ್ಲಿ ಎಂ.ಡಿ. ಪದವಿ ಪಡೆದರು. ಭಾರತದಲ್ಲಿ ಯಾವ ವಿದ್ಯೆ ಬೇಕಾಗುವುದೋ ಅದನ್ನೇ ಕಲಿತರು.

1920ರ ಜನವರಿಯಲ್ಲಿ ಹಡಗು ಹತ್ತಿದ ಮೇರಿ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಇಳಿದು ಗುಂಟೂರು ಸೇರಿದರು. ಅಲ್ಲಿ ಯೇಸು ಮರಿಯ ಜೋಸೆಫರ ಸಭೆಯ ಹಾಲೆಂಡ್ ಮೂಲದ ಕನ್ಯಾಸ್ತ್ರೀಯರು 1904ರಿಂದ ಸೇವೆಯಲ್ಲಿದ್ದರು. ಮೇರಿ ಆ ಸಭೆಗೆ ಸೇರಿದರು. ಜಗದ್ಗುರು ಹದಿನೈದನೇ ಬೆನೆಡಿಕ್ಟರು ಆಕೆಗೆ ವೈದ್ಯ ವೃತ್ತಿ ನಡೆಸಲು ವಿಶೇಷ ಅನುಮತಿ ನೀಡಿದರು. ವೈದ್ಯೆಯಾಗಿ ದುಡಿದ ಮೊದಲ ಕನ್ಯಾಸ್ತ್ರೀ ಎಂದು ಅವರನ್ನು ಗುರುತಿಸುವುದು ಇದರಿಂದಲೇ. ರೋಮ್ ಈ ಕಟ್ಟಳೆಯನ್ನು ಎಲ್ಲ ಕನ್ಯಾಸ್ತ್ರೀಯರಿಗೂ ಸಡಿಲಿಸಿದ್ದು 1936ರಲ್ಲಿ.

ಗುಂಟೂರಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಚಿಕ್ಕ ಔಷಧಾಲಯ. ಅದು ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು. ಬಹಳ ಕಾಲ ಅಲ್ಲಿ ಅವರೊಬ್ಬರೇ ಡಾಕ್ಟರು. ಹಗಲು ಆಸ್ಪತ್ರೆ, ಕರೆ ಬಂದರೆ ಹಳ್ಳಿಗಳಿಗೆ ಪ್ರಯಾಣ. ಹೆರಿಗೆ, ಕಣ್ಣಿನ ಬೇನೆ, ಕಾಲರಾ, ಮಕ್ಕಳ ಜ್ವರ ಎಲ್ಲಕ್ಕೂ ಅದೇ ಎರಡು ಕೈಗಳು. ಅವರ ಸೇವೆಯ ಅವಧಿಯಲ್ಲಿ ಲಕ್ಷಾಂತರ ರೋಗಿಗಳು ಚಿಕಿತ್ಸೆ ಪಡೆದರು. ತಾವೊಬ್ಬರೇ ಎಷ್ಟು ದುಡಿದರೂ ಸಾಲದೆಂದು ಅರಿತು ಸ್ಥಳೀಯ ಹೆಣ್ಣುಮಕ್ಕಳಿಗೆ ದಾದಿಯರಾಗಿ, ಸೂಲಗಿತ್ತಿಯರಾಗಿ, ಔಷಧ ಕೊಡುವವರಾಗಿ ತರಬೇತಿ ಕೊಟ್ಟರು. ತಾಯ್ನಾಡಿಗೆ ಅವರು ಮತ್ತೆ ಹೋಗಲೇ ಇಲ್ಲ.

1943ರಲ್ಲಿ ಗುಂಟೂರಿನಲ್ಲಿ ಬೇರೆ ಬೇರೆ ಸಭೆಗಳ 16 ಮಂದಿ ಸಿಸ್ಟರುಗಳು ಒಟ್ಟು ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಅದರ ಮುಂದಾಳು ಸಿಸ್ಟರ್ ಮೇರಿ. ಅಲ್ಲೊಂದು ಇಲ್ಲೊಂದು ಚದುರಿದ್ದ ಆಸ್ಪತ್ರೆಗಳು ಒಂದಾದರೆ ಬಡವನ ಬಾಗಿಲಿಗೆ ಇನ್ನಷ್ಟು ಹತ್ತಿರ ಹೋಗಬಹುದು ಎಂಬುದು ಅವರ ಎಣಿಕೆ. ಕ್ರಿಸ್ತನ ಮನಸ್ಸಿನ ವೈದ್ಯರನ್ನು ಸಿದ್ಧಗೊಳಿಸುವ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಭಾರತದಲ್ಲಿ ಆಗಬೇಕೆಂದೂ ಅವರು ಹಂಬಲಿಸಿದರು. ಅದು ಕೈಗೂಡುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಕ್ಯಾನ್ಸರ್ ಅವರನ್ನು ಹಿಡಿಯಿತು. ಜೀವನವಿಡೀ ರೋಗಿಗಳ ಮಂಚದ ಬಳಿ ನಿಂತವರು ಕೊನೆಗೆ ತಾವೇ ರೋಗಿಯಾಗಿ, ತಮ್ಮ ಗುಂಟೂರಿನಿಂದಲೂ ದೂರವಾಗಿ, ಬಹಳ ನೋವುಂಡು 1957ರ ಮೇ 5ರಂದು ಬೆಂಗಳೂರಿನಲ್ಲಿ ಪ್ರಭುವಿನ ಪಾದ ಸೇರಿದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಅದರ ಆಸ್ಪತ್ರೆಯೂ ಎದ್ದು ನಿಂತಿತು. 2013ರಲ್ಲಿ ಧರ್ಮಸಭೆ ಸಿಸ್ಟರ್ ಮೇರಿಯವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಪ್ರಿಯ ಓದುಗರೇ, ಈ ಜೀವನದಿಂದ ನಮ್ಮ ಗಣಿ ಸೀಮೆಯ ಜನರಿಗೆ ಏನು ಪಾಠ? ಒಂದು ಕಾಲದಲ್ಲಿ ಗಣಿ ಕಾರ್ಮಿಕನ ಮಗುವಿಗೆ ಕಾಯಿಲೆಯಾದರೆ ಗಣಿ ಕಂಪನಿಯ ದೊಡ್ಡ ಆಸ್ಪತ್ರೆ ಕೆ.ಜಿ.ಎಫ್.ನಲ್ಲೇ ಇತ್ತು. ಲೈನ್ ಮನೆಯಿಂದ ತಾಯಿ ನಡೆದೇ ಹೋಗಬಹುದಿತ್ತು. ಪಾಳಿ ಮುಗಿಸಿದ ತಂದೆ ಸಂಜೆ ಬಂದು ಮಗುವಿನ ಮುಖ ನೋಡಬಹುದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆಸ್ಪತ್ರೆಗೂ ಬೀಗ ಬಿತ್ತು. 2021ರಲ್ಲಿ ಕೊರೋನಾ ಹಬ್ಬಿದಾಗ ಊರಿನವರೇ ಶ್ರಮದಾನದಿಂದ ಆ ಪಾಳು ಕಟ್ಟಡವನ್ನು ಗುಡಿಸಿ ತೊಳೆದು ರೋಗಿಗಳಿಗಾಗಿ ಅಣಿಗೊಳಿಸಿದ್ದನ್ನು ನಾವು ಮರೆತಿಲ್ಲ. ಆದರೂ ಮಗುವಿನ ಹೃದಯದ ಶಸ್ತ್ರಚಿಕಿತ್ಸೆಗೆ, ರಕ್ತದ ಕ್ಯಾನ್ಸರಿಗೆ, ಮೂತ್ರಪಿಂಡದ ರೋಗಕ್ಕೆ ಬೆಂಗಳೂರಿಗೋ ವೆಲ್ಲೂರಿಗೋ ಹೋಗಲೇಬೇಕು.

ಇಂಥ ಕಾಯಿಲೆಗಳು ಒಂದೆರಡು ದಿನಕ್ಕೆ ಮುಗಿಯುವಂಥವಲ್ಲ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕಾಣುವ ಬಗೆಗೆ ಎರಡು ವರ್ಷಕ್ಕೂ ಮೀರಿ ಚಿಕಿತ್ಸೆ ಬೇಕು. ಮೊದಲ ತಿಂಗಳುಗಳಲ್ಲಂತೂ ಆಸ್ಪತ್ರೆಯ ಸಮೀಪದಲ್ಲೇ ಇರಬೇಕು. ಔಷಧದ ಪ್ರಭಾವದಿಂದ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಜನ ತುಂಬಿದ ಪ್ಯಾಸೆಂಜರ್ ಗಾಡಿಯ ಒಂದು ಕೆಮ್ಮು, ಬೀದಿ ಬದಿಯ ಒಂದು ಲೋಟ ನೀರು ಅದರ ಜೀವಕ್ಕೇ ಕುತ್ತಾಗಬಹುದು. ಥಲಸ್ಸೀಮಿಯಾ ಇರುವ ಮಗುವಿಗೆ ಎರಡು ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಅಷ್ಟೂ ದಿನ ತಂದೆಯ ಕೂಲಿ ಹೋಗುತ್ತದೆ. ತಾಯಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಸೀರೆ ಹಾಸಿ ಮಲಗುತ್ತಾಳೆ. ಮನೆಯಲ್ಲಿ ಬಿಟ್ಟುಬಂದ ಉಳಿದ ಮಕ್ಕಳು ಪಕ್ಕದ ಮನೆಯವರ ಕೈಯಲ್ಲಿ. ಸರ್ಕಾರದ ಯೋಜನೆಯಿಂದ ಔಷಧದ ಖರ್ಚು ನೀಗಿದರೂ ಬಾಡಿಗೆ, ಊಟ, ಪ್ರಯಾಣದ ಖರ್ಚು ತಾಳಲಾರದೆ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿ ಊರಿಗೆ ಮರಳುವ ಕುಟುಂಬಗಳುಂಟು. ವಾಸಿಯಾಗಬಹುದಾಗಿದ್ದ ಮಗು ಹೀಗೆ ಕೈತಪ್ಪಿ ಹೋಗುತ್ತದೆ. ಡಾಕ್ಟರ್ ಮೇರಿಯವರ ಕಾಲದಲ್ಲಿ ತಾಯಿಯನ್ನೂ ವೈದ್ಯರನ್ನೂ ಬೇರ್ಪಡಿಸಿದ್ದು ಪರದೆ. ಇಂದು ಬೇರ್ಪಡಿಸುವುದು ತಂಗಲು ಒಂದು ಕೋಣೆ ಇಲ್ಲದಿರುವುದು.

ಇದಕ್ಕೆ ಪರಿಹಾರ ಹೊಸದೇನಲ್ಲ. ನಾಲ್ಕನೇ ಶತಮಾನದ ಕೊನೆಯಲ್ಲೇ ರೋಮಿನ ಶ್ರೀಮಂತ ಮಹಿಳೆ ಸಂತ ಫಬಿಯೋಲ ತನ್ನ ಆಸ್ತಿ ಮಾರಿ ಆಸ್ಪತ್ರೆ ಕಟ್ಟಿಸಿದರು. ಪಮ್ಮಾಕಿಯಸ್ ಎಂಬವರೊಡನೆ ಸೇರಿ ಪರಸ್ಥಳದವರಿಗಾಗಿ ಒಂದು ವಸತಿಗೃಹವನ್ನೂ ತೆರೆದರು. 1974ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಆಸ್ಪತ್ರೆ ಸೇರಿದ ಮಕ್ಕಳ ತಂದೆತಾಯಿಯರಿಗಾಗಿಯೇ ರೊನಾಲ್ಡ್ ಮೆಕ್‌ಡೊನಾಲ್ಡ್ ಮನೆ ಆರಂಭವಾಯಿತು. ನಮ್ಮ ದೇಶದಲ್ಲಿ 2006ರಿಂದ, ಮೊದಲು ಮುಂಬೈಯಲ್ಲಿ, ಆಮೇಲೆ ಇತರ ನಗರಗಳಲ್ಲಿ, ಸಂತ ಜೂಡರ ಹೆಸರಿನ ಕೇಂದ್ರಗಳು ಕ್ಯಾನ್ಸರ್ ಚಿಕಿತ್ಸೆಗೆ ಬಂದ ಬಡ ಮಕ್ಕಳಿಗೂ ಅವರ ತಂದೆತಾಯಿಯರಿಗೂ ಉಚಿತ ವಸತಿ ಕೊಡುತ್ತಿವೆ. ತಾಯಿ ತನ್ನ ಕೈಯಾರೆ ಮಗುವಿಗೆ ಅಡಿಗೆ ಮಾಡಲು ಅಲ್ಲಿ ಶುಚಿಯಾದ ಅಡಿಗೆಮನೆಯೂ ಉಂಟು.

ಶುಭಸಂದೇಶದ ಸಮಾರಿಯದವನನ್ನು ನೆನೆಯೋಣ. ಗಾಯಕ್ಕೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿ ಅವನು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಛತ್ರಕ್ಕೆ ಕರೆದೊಯ್ದ, ರಾತ್ರಿ ಆರೈಕೆ ಮಾಡಿದ, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟ. ಚಿಕಿತ್ಸೆಯಷ್ಟೇ ತಂಗುವ ತಾಣವೂ ಪ್ರೀತಿಯ ಕೆಲಸವೆಂದು ಪ್ರಭು ಅಂದೇ ಕಲಿಸಿದ್ದಾರೆ.

ಹಾಗಾದರೆ ನಾವೇನು ಮಾಡಬಹುದು? ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ಶಕ್ತಿ ಒಂದು ಧರ್ಮಕೇಂದ್ರಕ್ಕೆ ಇರಲಿಕ್ಕಿಲ್ಲ. ಆದರೆ ಕೆ.ಜಿ.ಎಫ್., ಬಂಗಾರಪೇಟೆಗಳಿಂದ ದಿನವೂ ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ನಮ್ಮ ಎಷ್ಟೋ ಮಕ್ಕಳು ಅಲ್ಲೇ ಮನೆ ಮಾಡಿದ್ದಾರೆ. ಆಸ್ಪತ್ರೆಗಳ ಸಮೀಪ ಇರುವ ಅಂಥ ಮನೆಗಳಲ್ಲಿ ಯಾರು ಒಂದು ಕೋಣೆಯನ್ನು ಕೆಲವು ದಿನ ಬಿಟ್ಟುಕೊಡಬಲ್ಲರು ಎಂದು ಪಟ್ಟಿ ಮಾಡಬಹುದು. ದಿನಾ ರೈಲಿನಲ್ಲಿ ಹೋಗುವವರು ಮನೆಯ ಊಟದ ಡಬ್ಬಿಯನ್ನು ಆ ತಾಯಿಗೆ ತಲುಪಿಸಬಹುದು. ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು ತಿಂಗಳ ಬಾಡಿಗೆಯಲ್ಲಿ ಒಂದು ಪಾಲು ಹೊರಬಹುದು. ಮನೆಯಲ್ಲಿ ಉಳಿದ ಮಕ್ಕಳನ್ನು ಶಾಲೆಗೆ ಕಳಿಸಿ ಸಂಜೆ ಊಟ ಹಾಕುವ ಹೊಣೆಯನ್ನು ನೆರೆಯವರು ಹಂಚಿಕೊಳ್ಳಬಹುದು. ವಾರಗಟ್ಟಲೆ ನಿದ್ದೆಗೆಟ್ಟ ತಾಯಿಯನ್ನು ಒಂದು ರಾತ್ರಿ ಮನೆಗೆ ಕಳಿಸಿ ಮಗುವಿನ ಬಳಿ ಅತ್ತೆಯೋ ಚಿಕ್ಕಮ್ಮನೋ ಕೂರುವುದೂ ದೊಡ್ಡ ದಾನವೇ. ಆ ಮನೆಯವರು ನಮ್ಮ ದೇವಾಲಯಕ್ಕೆ ಬರುವವರೋ ಅಲ್ಲವೋ ಎಂದು ಕೇಳಬೇಕಾಗಿಲ್ಲ. ಗುಂಟೂರಿನ ಆಸ್ಪತ್ರೆಯ ಬಾಗಿಲಿಗೆ ಬಂದವರು ಎಲ್ಲ ಜಾತಿ ಮತದವರು.

ಯಾಯಿರನ ಮಗಳನ್ನು ಎಬ್ಬಿಸಲು ಹೋದ ಯೇಸುಸ್ವಾಮಿ ಗುಂಪನ್ನೆಲ್ಲ ಹೊರಗೆ ಕಳಿಸಿದರು. ತಂದೆತಾಯಿಯರನ್ನು ಒಳಗೆ ಕರೆದುಕೊಂಡರು. ಹುಡುಗಿ ಎದ್ದ ಮೇಲೆ ಅವಳಿಗೆ ಊಟ ಕೊಡಲು ಹೇಳುವುದನ್ನೂ ಮರೆಯಲಿಲ್ಲ. ಪ್ರತಿ ಮಗುವೂ ಗುಣವಾಗುತ್ತದೆಂಬ ಭರವಸೆಯನ್ನು ಯಾವ ಡಾಕ್ಟರೂ ಕೊಡಲಾರರು. ಸಿಸ್ಟರ್ ಮೇರಿಯವರ ಕೈಯಲ್ಲೂ ಎಷ್ಟೋ ಹಸುಳೆಗಳು ಉಳಿದಿರಲಾರವು. ಆದರೆ ಮಗು ಉಳಿದರೂ ಹೋದರೂ ಅದರ ಪಕ್ಕದಲ್ಲಿ ತಾಯಿ ಇರುವಂತೆ, ಆ ತಾಯಿಗೆ ಒಂದು ಚಾಪೆ, ಒಂದು ತುತ್ತು ಅನ್ನ, ಒಬ್ಬರ ಜೊತೆ ಸಿಗುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಈ ಭಾನುವಾರ ಬಲಿಪೂಜೆ ಮುಗಿದು ಹೊರಬರುವಾಗ, ನಮ್ಮ ಬೀದಿಯಲ್ಲಿ ಯಾವ ಮನೆಯ ಮಗು ಆಸ್ಪತ್ರೆಯಲ್ಲಿದೆ ಎಂದು ಒಮ್ಮೆ ವಿಚಾರಿಸೋಣ.