ಮಿಕೇಲಿ ಬಿತ್ತಿದ ಧೂಳು

ಮುಂಬಯಿಯ ಮಳೆಗಾಲ ಬಂತೆಂದರೆ ಟ್ರಂಕಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು. ತೇವಕ್ಕೆ ಅದು ತಾನಾಗಿಯೇ ಹುಟ್ಟುತ್ತೆ ಅಂತ ನಾನೂ ನಂಬಿದ್ದೆ, ಪಿಯರ್ ಆಂಟೋನಿಯೊ ಮಿಕೇಲಿಯ ವಿಷಯ ಓದುವ ತನಕ.

1679ರಲ್ಲಿ ಇಟಲಿಯ ಫ್ಲಾರೆನ್ಸಿನ ಬಡವರ ಮನೆಯಲ್ಲಿ ಹುಟ್ಟಿದವನು. ಲ್ಯಾಟಿನ್ ಕಲಿತದ್ದೂ ಸ್ವಂತವಾಗಿಯೇ. 1706ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಅವನನ್ನು ಸಸ್ಯಶಾಸ್ತ್ರಜ್ಞನಾಗಿ ನೇಮಿಸಿಕೊಂಡ. ಅಣಬೆಯ ಕೊಡೆಯ ಅಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳು ನಾಲ್ಕು ನಾಲ್ಕಾಗಿ ಕೂತಿದ್ದವು. ಒಂದು ಜಾತಿಯ ಬೂಷ್ಟಿನಲ್ಲಂತೂ ದಂಟು, ತುದಿಗೊಂದು ಉಂಡೆ, ಉಂಡೆಯ ಸುತ್ತ ಮಣಿಸರದಂತೆ ಪೋಣಿಸಿದ ಕಣಗಳು. ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದ ಹಾಗಿದೆಯೆಂದು ಆಸ್ಪರ್ಜಿಲಸ್ ಅಂತ ಹೆಸರಿಟ್ಟ. (ನಮ್ಮ ಭಟ್ಟರಾಗಿದ್ದರೆ ಪುಣ್ಯಾಹದ ಮಾವಿನೆಲೆ ಅನ್ನುತ್ತಿದ್ದರೇನೋ!)

ಆ ಧೂಳನ್ನು ಕರಬೂಜದ ಹೋಳುಗಳ ಮೇಲೆ ಬಿತ್ತಿದ. ಯಾವುದರ ಧೂಳೋ ಅದೇ ಬೂಷ್ಟು ಬೆಳೆಯಿತು. ಅಂದರೆ ಅದು ಬೀಜದ ಕೆಲಸ ಮಾಡುತ್ತೆ. ನಾವಿಂದು ಬೀಜಕಣ ಅನ್ನುವುದು ಅದನ್ನೇ. 1729ರಲ್ಲಿ ಅವನ ಪುಸ್ತಕ ಬಂತು; ಶಿಲೀಂಧ್ರ, ಕಲ್ಲುಹೂಗಳೇ ಅದರಲ್ಲಿ ಸುಮಾರು 900. ಪಂಡಿತರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಒಂದು ಹಣ್ಣು ಹೆಚ್ಚಿ ತಾವೂ ಬಿತ್ತಿ ನೋಡಬಹುದಿತ್ತಲ್ಲ, ಅದಕ್ಕೇ ನನಗೆ ಸಿಟ್ಟು. ಜೀವ ತಾನಾಗಿ ಹುಟ್ಟುತ್ತೆ ಎಂಬ ವಾದ 1860ರ ಸುಮಾರಿಗೆ ಪಾಶ್ಚರ್ ಪ್ರಯೋಗ ಮಾಡುವವರೆಗೂ ಸಾಯಲಿಲ್ಲ.

ಮಿಕೇಲಿ 1736ರಲ್ಲಿ ಗಿಡ ಹುಡುಕಿಕೊಂಡು ಅಲೆಯುವಾಗ ಪ್ಲೂರಸಿ ಹಿಡಿಸಿಕೊಂಡ. 1737ರ ಜನವರಿಯಲ್ಲಿ ಫ್ಲಾರೆನ್ಸಿನಲ್ಲೇ ತೀರಿಕೊಂಡ. ಪುಸ್ತಕದ ಎರಡನೆಯ ಭಾಗ ಅವನಿರುವಾಗ ಅಚ್ಚಾಗಲೇ ಇಲ್ಲ.