ಭೋಜನಶಾಲೆಯ ಬಾಗಿಲಿನ ಆಚೀಚೆ

ಜಾರ್ಜ್ ಆರ್ವೆಲ್ ಎಂದೊಡನೆ ನಮಗೆ ‘ಅನಿಮಲ್ ಫಾರ್ಮ್’, ‘1984’ ಕೃತಿಗಳು ನೆನಪಾಗುತ್ತವೆ. ಸಿರಿವಂತರ ಹೋಟೆಲು, ಶ್ರಮಿಕರ ಪಾನಗೃಹ ಎರಡನ್ನೂ ಒಳಗಿನಿಂದ ಬಲ್ಲ ಲೇಖಕ ಆತ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ಎರಿಕ್ ಬ್ಲೇರ್ ಎಂಬುದು ಆತನ ನಿಜನಾಮ. ಹುಟ್ಟಿದ್ದು 1903ರಲ್ಲಿ, ಇಂದಿನ ಬಿಹಾರದ ಮೋತಿಹಾರಿಯಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಈಟನ್‌ನಲ್ಲಿ ಓದಿದ ಆರ್ವೆಲ್ 1922ರಲ್ಲಿ ಬರ್ಮಾದ ಪೊಲೀಸ್ ಸೇವೆಗೆ ಸೇರಿ, ಐದೇ ವರ್ಷಗಳಲ್ಲಿ ಅದನ್ನು ತೊರೆದ. ನಿವೃತ್ತಿಯವರೆಗೂ ಸರ್ಕಾರಿ ಕುರ್ಚಿಯಲ್ಲಿ ಕುಳಿತ ನನ್ನಂಥವರಿಗೆ ಆ ರಾಜೀನಾಮೆಯ ಬೆಲೆ ಚೆನ್ನಾಗಿ ಗೊತ್ತು.

1928ರಲ್ಲಿ ಪ್ಯಾರಿಸ್‌ಗೆ ಹೋದ ಆತ ಮರುವರ್ಷ ಕೈ ಬರಿದಾದಾಗ ಅಲ್ಲಿನ ಐಷಾರಾಮಿ ಹೋಟೆಲೊಂದರ ನೆಲಮಾಳಿಗೆಯಲ್ಲಿ ತಟ್ಟೆ ತೊಳೆದ. 1933ರಲ್ಲಿ ಪ್ರಕಟವಾದ ‘ಡೌನ್ ಅಂಡ್ ಔಟ್ ಇನ್ ಪ್ಯಾರಿಸ್ ಅಂಡ್ ಲಂಡನ್’ ಕೃತಿಯಲ್ಲಿ ಆ ಅನುಭವವಿದೆ. ಬಾಗಿಲಿನ ಈಚೆ ಬೆವರು, ಕೊಳಕು, ಬೈಗುಳ. ಆಚೆ ಹೂದಾನಿ, ಕನ್ನಡಿ, ಬಿಳಿಯ ಮೇಜುಹಾಸು. ಈಚೆ ಕೂಗಾಡಿದ ಪರಿಚಾರಕ ಬಾಗಿಲು ದಾಟಿದೊಡನೆ ಗಾಂಭೀರ್ಯದ ಮೂರ್ತಿಯಾಗುತ್ತಿದ್ದ. ಖಾದ್ಯ ದುಬಾರಿಯಾದಷ್ಟೂ ಅದನ್ನು ಮುಟ್ಟಿದ ಬೆರಳುಗಳ ಸಂಖ್ಯೆ ಹೆಚ್ಚು ಎಂಬುದನ್ನು ಆರ್ವೆಲ್ ಕಣ್ಣಾರೆ ಕಂಡ. ಆಮೇಲೆ ಸೇರಿದ ಸಣ್ಣ ರೆಸ್ಟೊರೆಂಟಿನಲ್ಲಂತೂ ದಿನಕ್ಕೆ 17 ಗಂಟೆಗೂ ಮೀರಿದ ದುಡಿಮೆ. ಬೇಡಿಕೆಯಿದ್ದುದಕ್ಕೆಲ್ಲ ಉಪಯುಕ್ತತೆಯೂ ಇದೆ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತಿದ್ದೆವು. ಈ ದುಡಿಮೆಯಿಂದ ಯಾರಿಗೆ ನಿಜವಾದ ಸುಖ ದೊರೆಯಿತು ಎಂಬ ಆತನ ಪ್ರಶ್ನೆಗೆ ನಮ್ಮ ಪಠ್ಯದಲ್ಲಿ ಉತ್ತರವಿರಲಿಲ್ಲ.

ಆತ ಮೆಚ್ಚಿದ್ದು ಇಂಗ್ಲೆಂಡಿನ ಸಾಮಾನ್ಯರ ಪಬ್ಬನ್ನು. 1946ರ ಫೆಬ್ರವರಿಯಲ್ಲಿ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ‘ದಿ ಮೂನ್ ಅಂಡರ್ ವಾಟರ್’ ಎಂಬ ಪಬ್ಬನ್ನು ಬಣ್ಣಿಸಿದ. ಅಲ್ಲಿ ರೇಡಿಯೊ ಇಲ್ಲ, ಪಿಯಾನೊ ಇಲ್ಲ, ಮಾತನಾಡಲು ಅಡ್ಡಿಯಿಲ್ಲ. ಬಡಿಸುವ ಹೆಂಗಸರಿಗೆ ಗಿರಾಕಿಗಳ ಹೆಸರು ಗೊತ್ತು. ಅಂಚೆಚೀಟಿ, ಆಸ್ಪಿರಿನ್ ಗುಳಿಗೆಯೂ ಸಿಗುತ್ತವೆ. ಸುಮಾರು ಮೂರು ಶಿಲಿಂಗಿಗೆ ಮಧ್ಯಾಹ್ನದ ತುಂಬು ಊಟ. ಹಿಂದಿನ ತೋಟದಲ್ಲಿ ಮಕ್ಕಳಿಗೆ ಉಯ್ಯಾಲೆ. ಗಂಡಸರು ಮಾತ್ರ ಕುಡಿದು, ಹೆಂಡತಿ ಮಕ್ಕಳು ಮನೆಯಲ್ಲೇ ಉಳಿಯುವ ಪದ್ಧತಿ ಆತನಿಗೆ ಹಿಡಿಸದು. ಇಷ್ಟೆಲ್ಲ ಬಣ್ಣಿಸಿದ ಮೇಲೆ, ಅಂಥ ಪಬ್ ಎಲ್ಲೂ ಇಲ್ಲವೆಂದು ತಾನೇ ತಿಳಿಸುತ್ತಾನೆ. ಹತ್ತು ಲಕ್ಷಣಗಳಲ್ಲಿ ಎಂಟಿರುವ ಪಬ್ ಒಂದನ್ನು ಮಾತ್ರ ಬಲ್ಲನಂತೆ!

ಆ ವೇಳೆಗೆ ಕ್ಷಯ ಆತನನ್ನು ಕಾಡುತ್ತಿತ್ತು. 1949ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯ ಹಾಸಿಗೆಯಲ್ಲೇ ಸೋನಿಯಾ ಬ್ರೌನೆಲ್‌ಳೊಡನೆ ಎರಡನೆಯ ವಿವಾಹವಾಯಿತು. ವಧುವೂ ಕೆಲವು ಮಿತ್ರರೂ ಮದುವೆಯೂಟಕ್ಕೆ ರಿಟ್ಜ್ ಹೋಟೆಲಿಗೆ ತೆರಳಿದರು. ವರ ಆಸ್ಪತ್ರೆಯಲ್ಲಿಯೇ ಉಳಿದ. 1950ರ ಜನವರಿ 21ರಂದು ತೀರಿಕೊಂಡಾಗ ಆತನಿಗೆ 46 ವರ್ಷ.